ಪ್ರೇಮಕಾದಂಬರಿಯಲ್ಲಿ ಅಡುಗೆಮನೆಗೆ ಎಷ್ಟು ಜಾಗ ಕೊಡಬೇಕು?

ತೋಪುತೆನಿ (ನವನಗರ, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ಮೊಬೈಲಿನಲ್ಲಿ ಓದುವವರಿಗಾಗಿ ದಿನ ಬಿಟ್ಟು ದಿನ ಒಂದೊಂದು ಕಂತಿನಂತೆ ಪ್ರೇಮಕಾದಂಬರಿಗಳನ್ನು ಬರೆಯುತ್ತೇನೆ. ಮನೆಯಲ್ಲಿ ಅತ್ತೆಯವರು, ನಮ್ಮ ಯಜಮಾನರು ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಬೆಳಗಿನ ರೊಟ್ಟಿ, ಪಲ್ಯ, ಮಕ್ಕಳ ಡಬ್ಬಿ, ನಳ ಬಂದ ದಿನವಾದರೆ ನೀರು ತುಂಬುವ ಕೆಲಸ, ಇವೆಲ್ಲ ಮುಗಿಯುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಅತ್ತೆಯವರು ಊಟ ಮಾಡಿ ಅಡ್ಡಾಗುವ ಮಧ್ಯಾಹ್ನದ ಹೊತ್ತು ಮತ್ತು ರಾತ್ರಿ ಹಾಲಿನಲ್ಲಿ ಟಿವಿ ಆರಿದ ನಂತರದ ಹೊತ್ತು, ಇವೆರಡೇ ನನ್ನ ಬರವಣಿಗೆಗೆ ಸಿಗುವ ಸಮಯ. ಬೇರೆ ಕೋಣೆಯಿಲ್ಲ. ಊಟದ ಮೇಜಿನ ಒಂದು ತುದಿ ನನ್ನದು, ಇನ್ನೊಂದು ತುದಿ ಮಕ್ಕಳ ಹೋಮ್‌ವರ್ಕಿನದು.

ಈಗ ಬರೆಯುತ್ತಿರುವ ಕಾದಂಬರಿಯ ಕುಟುಂಬವು ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಮನೆಯನ್ನು ಕಳೆದುಕೊಂಡು ನವನಗರದ ಸೆಕ್ಟರ್ ಒಂದಕ್ಕೆ ಬಂದು ನೆಲೆಸಿದೆ. ಮಗ ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಸೊಸೆ ಮೈಸೂರಿನವಳು, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಹಿರಿಯರು ನೋಡಿ ಮಾಡಿದ ಮದುವೆಯಾದ್ದರಿಂದ ಪ್ರೀತಿ ಹುಟ್ಟಬೇಕಾದದ್ದು ಮದುವೆಯ ನಂತರ, ಅದೂ ನಾಲ್ಕು ಜನರ ಕಣ್ಣೆದುರಿನಲ್ಲಿ. ಅವರಿಬ್ಬರು ಒಟ್ಟಿಗೆ ಇರುವ ಜಾಗಗಳೆಂದರೆ ಅಡುಗೆಮನೆ, ಟಿವಿ ಇರುವ ಹಾಲ್ ಮತ್ತು ಸಂಜೆಯ ಮಾಳಿಗೆ. ಹೀಗಾಗಿ ನನ್ನ ಕಂತುಗಳಲ್ಲಿ ರೊಟ್ಟಿ, ಹಿಂಡಿ, ಧಾರಾವಾಹಿ, ರಿಮೋಟಿಗಾಗಿ ನಡೆಯುವ ಜಗಳ ಇವೇ ತುಂಬಿಕೊಂಡಿವೆ. ಮೊನ್ನೆ ಓದುಗರೊಬ್ಬರು, "ನಾವು ಬಂದದ್ದು ಪ್ರೇಮಕಥೆ ಓದಲಿಕ್ಕೆ, ಅಡುಗೆ ಕಾರ್ಯಕ್ರಮ ನೋಡಲಿಕ್ಕಲ್ಲ" ಎಂದು ಬರೆದರು. ಅದಕ್ಕೆ ಹಲವರು ಹೌದು ಹೌದು ಎಂದರು.

ನನ್ನ ಪ್ರಶ್ನೆ ಇಷ್ಟು. ದಿನನಿತ್ಯದ ಈ ವಿವರಗಳನ್ನು ಪ್ರೇಮಕಾದಂಬರಿಯಲ್ಲಿ ಎಲ್ಲಿಯವರೆಗೆ ಇಟ್ಟುಕೊಳ್ಳಬೇಕು, ಯಾವುದನ್ನು ತೆಗೆದುಹಾಕಬೇಕು ಎಂಬುದನ್ನು ತಾವೆಲ್ಲ ಹೇಗೆ ನಿರ್ಧರಿಸುತ್ತೀರಿ? ಹಾಗೆಯೇ ಸಂಜೆ ಆರೂವರೆಯಿಂದ ಹತ್ತರವರೆಗೆ ಟಿವಿ ಓಡುವ ಮನೆಯಲ್ಲಿ ಬರವಣಿಗೆಯ ಹೊತ್ತನ್ನು ಹೇಗೆ ಉಳಿಸಿಕೊಳ್ಳುತ್ತೀರಿ?

ಗೋಧೂಳಿ (ವಿಜಯಪುರ)

ತಂಗಿ, ನಾನು ನಿವೃತ್ತ ಕನ್ನಡ ಶಿಕ್ಷಕಿ. 1980ರ ದಶಕದಲ್ಲಿ ವಾರಪತ್ರಿಕೆಗಳಿಗೆ ಕಥೆಗಳನ್ನು ಬರೆಯುತ್ತಿದ್ದೆ. ಈಗ ಹೆಚ್ಚಾಗಿ ಓದುತ್ತೇನೆ. ನಿನ್ನ ಕಾದಂಬರಿಯ ಹಲವು ಕಂತುಗಳನ್ನು ಓದಿರುವುದರಿಂದ ನೇರವಾಗಿಯೇ ಹೇಳುತ್ತೇನೆ: ಅಡುಗೆಮನೆ ಹೆಚ್ಚಾಗಿಲ್ಲ, ಅಡುಗೆಮನೆಯಲ್ಲಿ ನಡೆಯುವುದು ಕಡಿಮೆಯಾಗಿದೆ. ಎಣ್ಣೆಗಾಯಿಗೆ ಮಸಾಲೆ ತುಂಬುವುದನ್ನು ನೀನು ಚೆಂದವಾಗಿ ಬರೆದಿದ್ದೀಯ, ಆದರೆ ಆ ಬದನೆಕಾಯಿ ಬೇಯುವ ಮೊದಲು ಗಂಡ ಹೆಂಡತಿಯ ನಡುವೆ ಎಷ್ಟು ಅಂತರವಿತ್ತೋ ಬೆಂದ ಮೇಲೂ ಅಷ್ಟೇ ಇದೆ. ಒಂದು ದೃಶ್ಯವನ್ನು ಪೂರ್ತಿಯಾಗಿ ತೆಗೆದು ನೋಡು. ಮುಂದಿನ ದೃಶ್ಯದಲ್ಲಿ ಅವರಿಬ್ಬರ ಮಾತು, ನೋಟ, ಮುನಿಸು ಏನೂ ಬದಲಾಗಬೇಕಾಗಿಲ್ಲವೆಂದರೆ ಆ ದೃಶ್ಯ ಬೇಡ, ಅದರಲ್ಲಿ ಎಷ್ಟೇ ಘಮವಿದ್ದರೂ ಬೇಡ.

ಉದಾಹರಣೆಗೆ ನಿನ್ನ ನಾಯಕಿ ಮೈಸೂರಿನವಳು. ಅವಳಿಗೆ ಚಪಾತಿ ಲಟ್ಟಿಸಿ ರೂಢಿಯಿದೆ, ಜೋಳದ ರೊಟ್ಟಿ ಬಡಿದು ರೂಢಿಯಿಲ್ಲ. ಗೋದಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಅದರ ಗ್ಲುಟೆನ್ ಹಿಟ್ಟನ್ನು ಹಿಡಿದು ನಿಲ್ಲಿಸುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲದಿರುವುದರಿಂದಲೇ ನಾವು ಕುದಿಯುವ ಎಸರನ್ನು ಹಿಟ್ಟಿನ ನಡುವಿನ ಗುಣಿಗೆ ಹೊಯ್ಯುತ್ತೇವೆ; ಆ ಬಿಸಿಗೆ ಪಿಷ್ಟ ಅರೆಬೆಂದು ಅಂಟಾಗುತ್ತದೆ, ನಂತರ ಬಿಸಿಯಿರುವಾಗಲೇ ಅಂಗೈಯಿಂದ ಒತ್ತಿ ಒತ್ತಿ ನಾದಿದಾಗ ರೊಟ್ಟಿ ಅಂಚಿನಲ್ಲಿ ಒಡೆಯುವುದಿಲ್ಲ. ಗಿರಣಿಯಿಂದ ಬಂದು ಬಹಳ ದಿನವಾದ ಹಿಟ್ಟಿಗೆ ಜಿಗಿ ಹೋಗಿರುತ್ತದೆ, ಅದನ್ನು ಕೈ ಪಳಗಿದವರೂ ಬಡಿಯಲಾರರು. ಈ ಸಂಗತಿಗಳು ಹೊಸ ಸೊಸೆಗೆ ಗೊತ್ತಿಲ್ಲ, ಅತ್ತೆಗೆ ಗೊತ್ತಿವೆ, ಮಗನಿಗೂ ಗೊತ್ತಿವೆ. ಸೊಸೆಯ ರೊಟ್ಟಿ ಎತ್ತುವಾಗಲೆಲ್ಲ ಹರಿಯುತ್ತಿದೆ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ, ಯಾರಿಗೂ ಹೇಳದೆ, ಹಳೆಯ ಹಿಟ್ಟಿನ ಡಬ್ಬಿಯನ್ನು ಬದಿಗಿಟ್ಟು ಹೊಸದಾಗಿ ಬೀಸಿಸಿಕೊಂಡು ಬಂದ ಹಿಟ್ಟನ್ನು ಆ ಜಾಗದಲ್ಲಿ ಇಡುತ್ತಾನೆ. ಮರುದಿನ ರೊಟ್ಟಿ ಹರಿಯುವುದಿಲ್ಲ. ಅವಳು ತನ್ನ ಕೈಗುಣವೆಂದು ಹಿಗ್ಗುತ್ತಾಳೆ, ಅತ್ತೆ ಡಬ್ಬಿಯನ್ನು ನೋಡಿ ಎಲ್ಲವನ್ನೂ ಅರ್ಥಮಾಡಿಕೊಂಡು ಸುಮ್ಮನಿರುತ್ತಾಳೆ. ಈಗ ಮೂವರಲ್ಲಿ ಇಬ್ಬರ ಬಳಿ ಒಂದು ಗುಟ್ಟಿದೆ, ಅದನ್ನು ಯಾವಾಗ ಒಡೆಯಬೇಕೆಂಬುದು ನಿನ್ನ ಕೈಯಲ್ಲಿದೆ. ರೊಟ್ಟಿಯ ವಿವರ ಅಷ್ಟೂ ಉಳಿಯಿತು, ಓದುಗರಿಗೆ ಅದು ಅಡುಗೆಯ ಪಾಠವೆನಿಸುವುದಿಲ್ಲ.

ನಮ್ಮ ಕಡೆಯ ಹೆಣ್ಣುಮಕ್ಕಳು ಇದನ್ನು ಬಹಳ ಹಿಂದೆಯೇ ಮಾಡಿ ತೋರಿಸಿದ್ದಾರೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಸಂಗ್ರಹಿಸಿ 1930ರ ದಶಕದಲ್ಲಿ ಅಚ್ಚು ಹಾಕಿಸಿದ ತ್ರಿಪದಿಗಳು ಬೀಸುವಾಗ, ಕುಟ್ಟುವಾಗ ಹಾಡಿದವು. ತವರಿನ ನೆನಪು, ಗಂಡನ ಮೇಲಿನ ಮೋಹ, ಅವನ ಮುನಿಸು, ಸವತಿಯ ಸಂಕಟ ಎಲ್ಲವೂ ಬೆಳಗಿನ ಜಾವದ ಬೀಸುಕಲ್ಲಿನ ಮುಂದೆಯೇ ಹೊರಬಂದವು. ಬೀಸುವ ಕೆಲಸವನ್ನು ಬಿಟ್ಟು ಎದ್ದುಹೋಗಿ ಪ್ರೀತಿಯ ಮಾತಾಡುವ ಪುರಸೊತ್ತು ಆ ಹಾಡುಗಾರ್ತಿಯರಿಗೆ ಇರಲಿಲ್ಲ. ಮೂರು ಸಾಲುಗಳಲ್ಲಿ ಮನೆಗೆಲಸವೂ ಮನಸ್ಸಿನ ಮಾತೂ ಸೇರಬೇಕಾಗಿದ್ದರಿಂದ ಅಲ್ಲಿ ಒಂದು ವಿವರವೂ ದಂಡವಾಗಿ ಬರುವುದಿಲ್ಲ. ಕಂತು ಬರೆಯುವ ಮೊದಲು ಅವುಗಳಲ್ಲಿ ಕೆಲವನ್ನು ಗಟ್ಟಿಯಾಗಿ ಓದಿಕೋ ಎಂದು ನನ್ನ ಸಲಹೆ.

ಇನ್ನೊಂದು ಮಾತು, ಸ್ವಲ್ಪ ಬೇಸರದಿಂದಲೇ ಹೇಳುತ್ತಿದ್ದೇನೆ. ಓದುಗರ ಒತ್ತಾಯಕ್ಕೆ ಮಣಿದು ಜೋಡಿಯನ್ನು ಗೋಳಗುಮ್ಮಟಕ್ಕೆ ಕಳುಹಿಸಬೇಡ. ಈ ಜಿಲ್ಲೆಯ ಪ್ರೇಮಕಥೆಗಳ ನಾಯಕರೆಲ್ಲ ಪಿಸುಗುಟ್ಟುವ ಗ್ಯಾಲರಿಯ ಒಂದು ಬದಿಯಲ್ಲಿ ನಿಂತು ಪ್ರೀತಿಯನ್ನು ನಿವೇದಿಸುತ್ತಾರೆ, ಮೂವತ್ತೆಂಟು ಮೀಟರಿನಷ್ಟು ದೂರದ ಇನ್ನೊಂದು ಬದಿಯಲ್ಲಿ ನಾಯಕಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಮೂಲೆಯ ಗೋಪುರದ ಏಳು ಅಂತಸ್ತಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏರಿ ಉಸಿರು ಕಟ್ಟಿದವರಿಗೆ ಪಿಸುಮಾತು ಬರುತ್ತದೆಯೇ? ಬಂದರೂ, ಶಾಲೆಯ ಪ್ರವಾಸದ ಮಕ್ಕಳು ಕೂಗಿದ ಒಂದೊಂದು ಕೂಗೂ ಏಳೆಂಟು ಸಲ ಮರುಕಳಿಸುವ ಆ ಗದ್ದಲದಲ್ಲಿ ಅದು ಯಾರಿಗೆ ಕೇಳಿಸೀತು? ಅಲ್ಲಿಗೆ ಹೋಗಲೇಬೇಕೆಂದರೆ ಅವನ ಮಾತು ಅವಳಿಗೆ ಕೇಳದಂತೆ ಮಾಡು, ಅದು ಕಥೆಯಾಗುತ್ತದೆ.

ಸಮಯದ ವಿಷಯದಲ್ಲಿ ಹೆಚ್ಚು ಹೇಳಲಾರೆ. ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ 1963ರಲ್ಲಿ ಹೊರಬಂದಾಗ ಅವರ ವಯಸ್ಸು ನಲವತ್ತೈದು ದಾಟಿತ್ತು. ಅಷ್ಟು ವರ್ಷ ಸಂಸಾರದಲ್ಲಿ ಕಂಡದ್ದೇ ಅವರ ಬಂಡವಾಳವಾಯಿತು. ನೀನು ಅಷ್ಟು ಕಾಯಬೇಕಾಗಿಲ್ಲ, ಆದರೆ ದಿನ ಬಿಟ್ಟು ದಿನ ಬರೆಯುವ ಹಟವನ್ನು ಬಿಡು. ಕೆಲವು ಕಂತುಗಳನ್ನು ಮುಂದಾಗಿ ಬರೆದಿಟ್ಟುಕೊಂಡ ಮೇಲೆಯೇ ಹೊಸ ಕಾದಂಬರಿಯನ್ನು ಆರಂಭಿಸಿದರೆ ಶ್ರಾವಣದ ಹಬ್ಬಗಳು, ಮದುವೆ, ಮಕ್ಕಳ ಜ್ವರ ಯಾವುದಕ್ಕೂ ಹೆದರಬೇಕಾಗುವುದಿಲ್ಲ.

ಮಳೆನಗರಿ (ಟಿಳಕವಾಡಿ, ಬೆಳಗಾವಿ)

ಅಕ್ಕನವರೇ, ಹಿರಿಯರಾದ ಗೋಧೂಳಿಯವರು ಹೇಳಿದ ಹಿಟ್ಟಿನ ಡಬ್ಬಿಯ ದೃಶ್ಯವನ್ನು ಓದಿ ಸಂತೋಷವಾಯಿತು. ಆದರೆ ಅವರ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ನಾನು ವೃತ್ತಿಯಿಂದ ವಕೀಲ, ರಾತ್ರಿ ಪ್ರೇಮಕಥೆಗಳನ್ನು ಬರೆಯುತ್ತೇನೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುವುದರಿಂದ ನಮ್ಮ ಮನೆಯಲ್ಲಿ ರಾತ್ರಿಯ ಅಡುಗೆ ಹೆಚ್ಚಾಗಿ ನನ್ನದೇ. ವಾರಪತ್ರಿಕೆಯ ಓದುಗರು ಏಳು ದಿನ ಕಾಯುತ್ತಿದ್ದರು, ಒಂದು ಕಂತನ್ನು ಎರಡು ಸಲ ಓದುತ್ತಿದ್ದರು, ಮನೆಮಂದಿಯೆಲ್ಲ ಅದರ ಬಗ್ಗೆ ಮಾತನಾಡುತ್ತಿದ್ದರು. ಮೊಬೈಲಿನ ಓದುಗರು ಬಸ್ಸಿನಲ್ಲಿ ನಿಂತು, ಊಟದ ಬಿಡುವಿನಲ್ಲಿ, ಹಾಲು ಉಕ್ಕುವವರೆಗಿನ ಹೊತ್ತಿನಲ್ಲಿ ಓದುತ್ತಾರೆ. ಅತ್ತೆ ಡಬ್ಬಿಯನ್ನು ನೋಡಿ ಸುಮ್ಮನಾದಳೆಂಬ ಸೂಕ್ಷ್ಮ ಅವರಿಗೆ ಹಿಡಿಸುವುದಿಲ್ಲವೆಂದಲ್ಲ. ಅದು ಹತ್ತನೆಯ ಕಂತಿನಲ್ಲಿ ಒಡೆಯುವುದಾದರೆ ಅಷ್ಟರಲ್ಲಿ ಅವರು ಮೂರನೆಯ ಕಂತನ್ನು ಮರೆತಿರುತ್ತಾರೆ. ಆದ್ದರಿಂದ ಪ್ರತಿ ಕಂತಿನಲ್ಲಿಯೂ ಗಂಡ ಹೆಂಡತಿ ಇಬ್ಬರೇ ಇರುವ ಒಂದು ಗಳಿಗೆಯಾದರೂ ಇರಬೇಕೆಂಬುದು ನನ್ನ ನಿಯಮ, ಅದು ಮಾಳಿಗೆಯ ಮೇಲೆ ಬಟ್ಟೆ ತೆಗೆಯುವ ಎರಡು ನಿಮಿಷವಾದರೂ ಸರಿ. ಓದುಗರ ದೂರಿನಲ್ಲಿ ಸತ್ಯವಿದೆ. ಅವರು ಕೇಳುತ್ತಿರುವುದು ಅಡುಗೆಮನೆಯಲ್ಲಿ ಉಳಿದ ನಾಲ್ವರು ಸ್ವಲ್ಪ ಹೊತ್ತು ಹೊರಗೆ ಹೋಗಲಿ ಎಂದು.

ಅದಕ್ಕೆ ನಿಮ್ಮ ನಾಯಕನ ಕೆಲಸವೇ ದಾರಿ ಮಾಡಿಕೊಡುತ್ತದೆ, ನೀವು ಅದನ್ನು ಇನ್ನೂ ಬಳಸಿಕೊಂಡಿಲ್ಲ. ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ನವೆಂಬರಿನ ಹೊತ್ತಿಗೆ ಆರಂಭವಾಗಿ ಮಾರ್ಚ್‌ವರೆಗೆ ನಡೆಯುತ್ತದೆ. ಕಾರ್ಖಾನೆ ಹಗಲು ರಾತ್ರಿ ಓಡುತ್ತದೆ, ಕೆಮಿಸ್ಟ್ ಆದವನು ಪಾಳಿಯ ಪ್ರಕಾರ ರಸದ ಬ್ರಿಕ್ಸ್, ಅಂದರೆ ಅದರಲ್ಲಿ ಕರಗಿರುವ ಸಕ್ಕರೆ ಮೊದಲಾದವುಗಳ ಪ್ರಮಾಣ, ಅಳೆಯುತ್ತ ಕೂರಬೇಕು, ರಜೆಯ ಮಾತೇ ಇರುವುದಿಲ್ಲ. ಅವನು ಮನೆಗೆ ಬರುವ ಹೊತ್ತಿಗೆ ಅವಳು ಬ್ಯಾಂಕಿಗೆ ಹೊರಟಿರುತ್ತಾಳೆ. ಎಳ್ಳಮಾವಾಸ್ಯೆಯೂ ಇದೇ ಹಂಗಾಮಿನ ನಡುವೆ ಬರುತ್ತದೆ. ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲುವ ದಿನ ಅವನು ಬರುತ್ತಾನೋ ಇಲ್ಲವೋ ಎಂಬುದೇ ಒಂದು ಕಂತಿಗೆ ಸಾಕಾಗುವಷ್ಟು ತವಕವನ್ನು ಕೊಡುತ್ತದೆ. ಸಜ್ಜೆ ರೊಟ್ಟಿ, ಕಡಬು, ಭರ್ತ ಎಲ್ಲವನ್ನೂ ಆಗ ಬರೆಯಿರಿ, ಯಾರೂ ಅಡುಗೆ ಕಾರ್ಯಕ್ರಮವೆಂದು ಹೇಳುವುದಿಲ್ಲ, ಏಕೆಂದರೆ ಅವಳು ಅವನ ಪಾಲನ್ನು ತೆಗೆದಿಡುತ್ತಿರುತ್ತಾಳೆ.

ಟಿವಿಯ ಬಗ್ಗೆ: ಅದರೊಡನೆ ಹೋರಾಡಬೇಡಿ. ನಮ್ಮ ತಾಯಿಯವರು ಧಾರಾವಾಹಿ ನೋಡುವಾಗ ನಾನು ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂರುತ್ತೇನೆ. ಜಾಹೀರಾತು ಬರುವ ಮೊದಲು ಕಥೆಯನ್ನು ಎಲ್ಲಿ ಕಡಿದರು, ಅವರು ಯಾವಾಗ ಬೈದರು, ಯಾವಾಗ ಎದ್ದು ನೀರು ಕುಡಿಯಲು ಹೋದರು ಎಂಬುದನ್ನು ಗಮನಿಸುತ್ತೇನೆ. ಮುಂದಿನ ವಾರ ಏನಾಗುತ್ತದೆಂದು ಅವರು ಇಂದೇ ಹೇಳಿಬಿಡುತ್ತಾರೆ, ಬಹುಮಟ್ಟಿಗೆ ಹಾಗೆಯೇ ಆಗುತ್ತದೆ. ನನ್ನ ಕಥೆಯ ಮುಂದಿನ ತಿರುವನ್ನೂ ಅವರಿಗೆ ಬಾಯಿಮಾತಿನಲ್ಲಿ ಹೇಳಿ ನೋಡುತ್ತೇನೆ. ಅವರು ಮೊದಲೇ ಊಹಿಸಿದರೆ ಬದಲಾಯಿಸುತ್ತೇನೆ. ಧಾರಾವಾಹಿಯಿಂದ ಕಲಿಯಬಾರದ ಸಂಗತಿಯೂ ಒಂದಿದೆ. ಅಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ವಾರಗಟ್ಟಲೆ ಎಳೆಯಬಹುದು, ಏಕೆಂದರೆ ಪ್ರತಿಯೊಬ್ಬರ ಮುಖವನ್ನೂ ಮೂರು ಮೂರು ಸಲ ತೋರಿಸುತ್ತ ಹೊತ್ತು ಕಳೆಯಲು ಕ್ಯಾಮೆರಾ ಇದೆ. ಬರವಣಿಗೆಯಲ್ಲಿ ಆ ಸೌಲಭ್ಯವಿಲ್ಲ. ಒಂದು ಫೋನು ಮಾಡಿದರೆ ಬಗೆಹರಿಯುವ ಮುನಿಸನ್ನು ನಾಲ್ಕು ಕಂತು ಎಳೆದರೆ ಓದುಗರು ನಾಯಕಿಯನ್ನೇ ದಡ್ಡಿ ಎಂದು ತೀರ್ಮಾನಿಸುತ್ತಾರೆ.

ಬರೆಯುವ ಹೊತ್ತಿನ ಬಗ್ಗೆ ಒಂದು ಉಪಾಯ ಹೇಳುತ್ತೇನೆ. ಪಲ್ಯ ಸಣ್ಣ ಉರಿಯಲ್ಲಿ ಬೇಯುವಾಗ ಫೋನನ್ನು ಕಟ್ಟೆಯ ಮೇಲಿಟ್ಟು ಧ್ವನಿ ಟೈಪಿಂಗ್‌ನಲ್ಲಿ ಕಥನಭಾಗವನ್ನು ಹೇಳುತ್ತೇನೆ. ಗ್ರಾಂಥಿಕ ಕನ್ನಡವನ್ನು ಅದು ಸಾಕಷ್ಟು ಸರಿಯಾಗಿ ಹಿಡಿಯುತ್ತದೆ. ನಮ್ಮ ಮಾತಿನ "ಹೊಂಟೇನಿ", "ಬರಾಕತ್ಯಾನ" ಎಂಬಂಥವುಗಳನ್ನು ಮಾತ್ರ ತನಗೆ ತೋಚಿದ ಬೇರೆ ಶಬ್ದಗಳನ್ನಾಗಿ ಮಾಡಿಬಿಡುತ್ತದೆ. ಆದ್ದರಿಂದ ಸಂಭಾಷಣೆಯ ಜಾಗವನ್ನು ಖಾಲಿ ಬಿಟ್ಟು ರಾತ್ರಿ ಕೈಯಿಂದ ತುಂಬುತ್ತೇನೆ. ಕುಕ್ಕರ್ ಸೀಟಿ ಹೊಡೆಯುವಾಗ ಹೇಳಿದ ವಾಕ್ಯಗಳನ್ನು ಎರಡು ಸಲ ಓದಿ ನೋಡುವುದು ಒಳ್ಳೆಯದು.

ಕಟಕರೊಟ್ಟಿ (ಜಮಖಂಡಿ)

ನಾನು ಬರೆಯುವವಳಲ್ಲ, ಓದುವವಳು. ಈ ಕಾದಂಬರಿಯ ಓದುಗರಲ್ಲೊಬ್ಬಳೂ ಹೌದು. ಅಡುಗೆ ಹೆಚ್ಚಾಯಿತೆಂದು ದೂರು ಹೇಳಿದವರಲ್ಲಿ ನಾನಿಲ್ಲ. ನನಗೆ ಬೇಸರ ತರುವುದು ಬೆಂಗಳೂರಿನ ಕಂಪನಿಯ ಒಡೆಯ, ಅವನ ಕಾರು, ಅವನ ಸಿಟ್ಟು, ಕೊನೆಗೆ ಅವನ ಸಿಟ್ಟನ್ನೇ ಪ್ರೀತಿಯೆಂದು ತಿಳಿದುಕೊಳ್ಳುವ ನಾಯಕಿ. ಅಂಥ ಕಥೆಗಳು ಬೇಕಾದಷ್ಟಿವೆ. ನಿಮ್ಮ ನಾಯಕ ನಾಯಕಿ ಬಾಗಲಕೋಟೆಯಿಂದ ಬಾದಾಮಿಗೆ, ಬನಶಂಕರಿ ಜಾತ್ರೆಗೆ, ಬಸ್ಸಿನಲ್ಲಿ ಹೋದ ಕಂತನ್ನು ನಾನು ಎರಡು ಸಲ ಓದಿದೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಜಾರಿಯಾದ ಮೇಲೆ ಅವಳಿಗೆ ಶೂನ್ಯ ಟಿಕೆಟ್, ಅವನಿಗೆ ಮಾತ್ರ ಹಣದ ಟಿಕೆಟ್. ಅವಳು ತನ್ನ ಆಧಾರ್ ಕಾರ್ಡನ್ನು ಹುಡುಕುವಾಗ ಪರ್ಸಿನಿಂದ ಅವನ ಮದುವೆಗೆ ಮುಂಚಿನ ಪಾಸ್‌ಪೋರ್ಟ್ ಅಳತೆಯ ಫೋಟೋ ಜಾರಿ ಕಂಡಕ್ಟರನ ಕೈಗೆ ಸಿಗುತ್ತದಲ್ಲ, ಅದನ್ನು ಓದಿ ನಾನು ಒಬ್ಬಳೇ ನಕ್ಕೆ. ಜಾತ್ರೆಯಲ್ಲಿ ನಾಟಕ ಕಂಪನಿಯ ತಂಬುವಿಗೆ ಅವರನ್ನು ಕರೆದುಕೊಂಡು ಹೋಗಿ ಎರಡೇ ಸಾಲಿನಲ್ಲಿ ಹೊರಗೆ ಕರೆತಂದದ್ದು ಮಾತ್ರ ಸರಿಯಲ್ಲ. ಮನೆಯ ಟಿವಿಯ ಮುಂದೆ ಅತ್ತೆಯ ಅಕ್ಕಪಕ್ಕ ಕೂರುವವರು ಅಲ್ಲಿ ಕತ್ತಲಲ್ಲಿ ಒಂದೇ ಸಾಲಿನ ಕುರ್ಚಿಗಳಲ್ಲಿ, ಯಾರೂ ಪರಿಚಯದವರಿಲ್ಲದೆ, ಮಧ್ಯರಾತ್ರಿಯವರೆಗೆ ಕೂರಬಹುದಿತ್ತು. ಹಾಸ್ಯಪಾತ್ರಧಾರಿಯ ಮಾತಿಗೆ ಅವಳು ಎಷ್ಟು ಜೋರಾಗಿ ನಗುತ್ತಾಳೆಂದು ಅವನು ಮೊದಲ ಸಲ ನೋಡಬಹುದಿತ್ತು.

ಮಳೆನಗರಿಯವರು ಹೇಳಿದಂತೆ ನಾನು ಹಾಲು ಉಕ್ಕುವವರೆಗೆ ಓದುವವಳೇ. ಆದರೂ ಮೂರನೆಯ ಕಂತನ್ನು ಮರೆಯುವುದಿಲ್ಲ ಸರ್.

ತೋಪುತೆನಿ (ನವನಗರ, ಬಾಗಲಕೋಟೆ)

ಎಲ್ಲರಿಗೂ ಧನ್ಯವಾದಗಳು. ಗೋಧೂಳಿ ಅಕ್ಕನವರು ಹೇಳಿದಂತೆ ಬರೆದಿಟ್ಟ ಕಂತುಗಳ ಅಡುಗೆ ದೃಶ್ಯಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಶೇಂಗಾ ಹಿಂಡಿ ಕುಟ್ಟುವುದು ಹೋಯಿತು, ಎಣ್ಣೆಗಾಯಿ ಹೋಯಿತು. ಹೋಳಿಗೆಯ ಹೂರಣ ರುಬ್ಬುವಾಗ ಅತ್ತೆ ತನ್ನ ಮುಳುಗಡೆಯಾದ ಮನೆಯ ಒಳಕಲ್ಲನ್ನು ನೆನೆಸಿಕೊಳ್ಳುವ ದೃಶ್ಯ ಉಳಿಯಿತು, ಏಕೆಂದರೆ ಆ ಒಳಕಲ್ಲನ್ನು ತರಲಾಗದ ನೋವನ್ನು ಕೇಳಿದ ಮೇಲೆಯೇ ಸೊಸೆ ಮಿಕ್ಸರ್ ಬಗ್ಗೆ ಹಟ ಮಾಡುವುದನ್ನು ಬಿಡುತ್ತಾಳೆ. ಮಳೆನಗರಿಯವರು ಹೇಳಿದ ಹಂಗಾಮಿನ ವಿಷಯ ನನಗೆ ಹೊಳೆದಿರಲಿಲ್ಲ. ಎಳ್ಳಮಾವಾಸ್ಯೆಯ ಕಂತನ್ನು ಬರೆಯುತ್ತಿದ್ದೇನೆ. ನಾಟಕದ ತಂಬುವಿಗೂ ಅವರನ್ನು ಮರಳಿ ಕರೆದೊಯ್ಯುತ್ತೇನೆ, ಜಮಖಂಡಿಯ ಅಕ್ಕನವರು ಸಿಟ್ಟಾಗಬಾರದು.

ಎರಡು ಸಂಗತಿಗಳನ್ನು ಕೇಳುವುದಿದೆ. ಕಾದಂಬರಿಯ ಅತ್ತೆಯ ಮಾತುಗಳಲ್ಲಿ ಹೆಚ್ಚಿನವು ನಮ್ಮ ಅತ್ತೆಯವರ ಬಾಯಿಂದ ಬಂದವು. ಅವರು ಮೊಬೈಲಿನಲ್ಲಿ ಓದುವುದಿಲ್ಲ, ಆದರೆ ಬೀಗರ ಮನೆಯ ಹೆಣ್ಣುಮಕ್ಕಳು ಓದುತ್ತಾರೆ. ಇದನ್ನು ಹೇಗೆ ನಿಭಾಯಿಸುವುದು? ಎರಡನೆಯದಾಗಿ, ಕಥೆಗಳನ್ನು ಓದಿಸಿ ಕೇಳುಗರಿಗೆ ಕೊಡುವ ಸಂಸ್ಥೆಯೊಂದು ಮುಗಿದ ಕಾದಂಬರಿಯೊಂದನ್ನು ಧ್ವನಿರೂಪದಲ್ಲಿ ತರಲು ಕೇಳಿದೆ. ಹೆಂಗಸರು ಅಡುಗೆ ಮಾಡುತ್ತ, ಪಾತ್ರೆ ತೊಳೆಯುತ್ತ ಕಥೆ ಕೇಳುತ್ತಾರಂತೆ. ಕರಾರು ಕಳುಹಿಸಿದ್ದಾರೆ, ಓದಿದರೆ ತಲೆಬುಡ ತಿಳಿಯುವುದಿಲ್ಲ.

ಗೋಧೂಳಿ (ವಿಜಯಪುರ)

ಅತ್ತೆಯವರಿಗೆ ನೀನೇ ಓದಿ ಹೇಳು, ತಂಗಿ. ಮಧ್ಯಾಹ್ನ ಅವರು ಅಡ್ಡಾಗುವ ಮೊದಲು ಕಾಲುಗಂಟೆ ಸಾಕು. ಅವರದೇ ಮಾತು ಬಂದಾಗ ಗುರುತಿಸುತ್ತಾರೆ, ಗುರುತಿಸಿ ಏನನ್ನುತ್ತಾರೆಂಬುದರ ಮೇಲೆ ಉಳಿಸುವುದು ಬಿಡುವುದು ನಿರ್ಧಾರವಾಗಲಿ. ನಮ್ಮ ಕಡೆಯ ಹಿರಿಯ ಹೆಂಗಸರು ತಮ್ಮ ಗಾದೆ, ಬೈಗುಳ, ಚುಚ್ಚುಮಾತು ಅಚ್ಚಾಗುವುದಕ್ಕೆ ಬೇಸರಪಡುವುದು ಕಡಿಮೆ. ತಮ್ಮ ಮನೆಯ ಹಣದ ವ್ಯವಹಾರ, ಬೇನೆ, ಮಗಳ ಸಂಸಾರದ ತೊಂದರೆ ಹೊರಬಿದ್ದರೆ ಜೀವನಪೂರ್ತಿ ಮರೆಯುವುದಿಲ್ಲ. ಮಾತನ್ನು ತೆಗೆದುಕೋ, ಘಟನೆಯನ್ನು ಬೇರೆ ಮಾಡು. ಕಥೆಯ ಅತ್ತೆಗೆ ನಿಮ್ಮ ಮನೆಯವರಿಗಿಲ್ಲದ ಒಂದು ಹವ್ಯಾಸವನ್ನೂ ಕೊಟ್ಟುಬಿಡು. ಆಕೆ ಆಕಾಶವಾಣಿಯ ಚಿತ್ರಗೀತೆಗಳನ್ನು ಕೇಳದೆ ಕಸೂತಿಗೆ ಸೂಜಿ ಹಿಡಿಯದವಳೆಂದು ಬರೆದರೆ, ಬೀಗರು "ಇದು ನಮ್ಮ ಅಕ್ಕನ ಕಥೆ" ಎಂದು ಹೇಳುವಾಗ ಸ್ವಲ್ಪವಾದರೂ ತಡೆಯುತ್ತಾರೆ.

ಮಳೆನಗರಿ (ಟಿಳಕವಾಡಿ, ಬೆಳಗಾವಿ)

ಕರಾರಿನ ವಿಷಯವನ್ನು ಕಾನೂನಿನ ಪ್ರಕಾರ ಹೇಳುತ್ತೇನೆ, ಕಾಗದವನ್ನು ಕಣ್ಣಾರೆ ನೋಡದೆ ಅದರ ಬಗ್ಗೆ ತೀರ್ಪು ಕೊಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನಂತೆ ಹಕ್ಕನ್ನು ವರ್ಗಾಯಿಸುವ ಕರಾರು ಬರವಣಿಗೆಯಲ್ಲಿದ್ದು ಸಹಿಯಾಗಿರಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಅವಧಿಗೆ, ಯಾವ ಪ್ರದೇಶಕ್ಕೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು; ಗೌರವಧನದ ಅಥವಾ ರಾಯಲ್ಟಿಯ ವಿವರವೂ ಇರಬೇಕು. ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತವೆಂದೂ ಕಾಯ್ದೆ ಭಾವಿಸುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದ ಹೊರತು, ಆ ಹಕ್ಕಿನ ವರ್ಗಾವಣೆ ರದ್ದಾದಂತೆ. ಈ ರಕ್ಷಣೆಗಳನ್ನೆಲ್ಲ ಬದಿಗೆ ಸರಿಸುವಂಥ ಸಾಲುಗಳು ಕರಾರಿನ ಕೊನೆಯ ಪುಟಗಳಲ್ಲಿ ಇರುವುದುಂಟು. "ಎಲ್ಲ ಮಾಧ್ಯಮಗಳ ಎಲ್ಲ ಹಕ್ಕುಗಳು, ಕೃತಿಸ್ವಾಮ್ಯದ ಪೂರ್ಣ ಅವಧಿಗೆ" ಎಂದು ಬರೆದಿದ್ದರೆ ಅದರ ಅರ್ಥ ನಿಮ್ಮ ಆಯುಷ್ಯ ಮತ್ತು ಅದರ ನಂತರದ ಅರವತ್ತು ವರ್ಷಗಳು. ಅವರು ಕೇಳುತ್ತಿರುವುದು ಧ್ವನಿರೂಪ ಮಾತ್ರವಾದರೆ ಧ್ವನಿರೂಪದ ಹಕ್ಕನ್ನು ಮಾತ್ರ, ಕನ್ನಡದಲ್ಲಿ ಮಾತ್ರ, ನಿರ್ದಿಷ್ಟ ವರ್ಷಗಳಿಗೆ ಕೊಡುತ್ತೇನೆಂದು ಬರೆದು ಕಳುಹಿಸಿ. ಪುಸ್ತಕ, ಧಾರಾವಾಹಿ, ಸಿನಿಮಾ, ಅನುವಾದದ ಹಕ್ಕುಗಳು ನಿಮ್ಮಲ್ಲಿಯೇ ಇರಲಿ. ಧಾರಾವಾಹಿಯ ಹಕ್ಕಂತೂ ಬಿಡಲೇಬೇಡಿ, ಸಂಜೆ ಆರೂವರೆಯ ಹೊತ್ತು ಒಂದು ದಿನ ನಿಮ್ಮದೇ ಆಗಬಾರದೆಂದೇನಿಲ್ಲ.

ಧ್ವನಿಗೆ ಕೊಡುವ ಮೊದಲು ಕಾದಂಬರಿಯನ್ನು ಒಮ್ಮೆ ಗಟ್ಟಿಯಾಗಿ ಓದಿ ತಿದ್ದಬೇಕಾಗುತ್ತದೆ. ಕೇಳುಗರ ಕೈ ಹಿಟ್ಟಿನಲ್ಲಿರುತ್ತದೆ, ತಪ್ಪಿಹೋದ ವಾಕ್ಯಕ್ಕೆ ಹಿಂದಿರುಗಲು ಅವರಿಗೆ ಬೆರಳು ಬಿಡುವಿರುವುದಿಲ್ಲ. ಮೂರು ಜನ ಮಾತನಾಡುವ ದೃಶ್ಯದಲ್ಲಿ ಯಾರು ಮಾತನಾಡಿದರೆಂಬುದನ್ನು ವಾಕ್ಯದ ಮೊದಲಿಗೆ ತನ್ನಿ. ಪುಟದಲ್ಲಿ ಹೊಸ ಸಾಲು ಮಾಡುವ ಕೆಲಸವನ್ನು ಅಲ್ಲಿ ಹೆಸರೇ ಮಾಡಬೇಕು. ಓದುವವರು ನಮ್ಮ ಭಾಗದ ಮಾತನ್ನು ಬಲ್ಲವರಾಗಿರಬೇಕೆಂದೂ, ಮೊದಲ ಕಂತಿನ ಧ್ವನಿಮುದ್ರಣವನ್ನು ನಿಮಗೆ ಕೇಳಿಸಿದ ನಂತರವೇ ಮುಂದುವರಿಯಬೇಕೆಂದೂ ಕರಾರಿನಲ್ಲಿಯೇ ಸೇರಿಸಿ. ಇಲ್ಲವಾದರೆ ನಿಮ್ಮ ಮುಧೋಳದ ಕೆಮಿಸ್ಟ್ ಬೆಂಗಳೂರಿನ ಉಚ್ಚಾರದಲ್ಲಿ ಹೆಂಡತಿಯನ್ನು ಊಟಕ್ಕೆ ಕರೆಯುತ್ತಾನೆ. ಕರಾರಿನ ಪ್ರತಿಯನ್ನು ನಿಮ್ಮ ಊರಿನ ಯಾವುದಾದರೂ ವಕೀಲರಿಗೆ ತೋರಿಸಿ ಸಹಿ ಮಾಡಿ, ಪ್ರತಿ ಪುಟದಲ್ಲೂ ಎರಡೂ ಕಡೆಯವರ ಸಹಿ ಇರುವ ಒಂದು ಪ್ರತಿ ನಿಮ್ಮ ಬಳಿ ಇರಲಿ.